ರಥವೆಂದರೆ ಯಾವದು?

ಸ್ಪರ್ಧೆಯು ಮನುಷ್ಯನಿಗೆ ಹೊಸದಲ್ಲ. ರಥಗಳ ಓಟವಂತೂ ನಮ್ಮ ದೇಶದಲ್ಲಿ ಅತ್ಯಂತ ಪ್ರಾಚೀನವಾದದ್ದು. ವಾಜಪೇಯಯಾಗದಲ್ಲಿ 17 ರಥಗಳು ಓಡುವವು. ಅವುಗಳಲ್ಲಿ ಯಜಮಾನನ ರಥವೇ ಗೆಲ್ಲತಕ್ಕದ್ದೆಂದು ವಿಧಿಯಿರುವದು. ಪಾಠಶಾಲೆಯಲ್ಲಿ ಗುರುಗಳು ಈ ಪ್ರಕರಣವನ್ನು ವಿವರಿಸುವಾಗ, ಫಲವು ಮೊದಲೇ ಗೊತ್ತಾದ ಓಟದಲ್ಲಿ ಸ್ವಾರಸ್ಯವೇನೆಂದು ಹುಡುಗರಾದ ನಾವು ಒಳಗೊಳಗೇ ನಗುತ್ತಿದ್ದೆವು. ಈಗಿನ ಕಾಲದ ರಥಸ್ಪರ್ಧೆಗೆ ಅಂಥ ವಿಧಿಯಿಲ್ಲ. ಯಜಮಾನನು ಕೋಟಿಗಟ್ಟಲೆ ಸುರಿದರೂ ಅವನ ರಥವು ಹಿಂದೆ ಬೀಳಬಹುದು. ಯಜಮಾನನೇ ಸಾಲದಲ್ಲಿ ಮುಳುಗಿದಾಗಲೂ ರಥವು ಮುಂದಕ್ಕೆ ಸಾಗಬಹುದು. ಅಂಥದೊಂದು ತಂಡದ ಕಥೆಯನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಶಿರಸಿಯ ಮುದಿ ಮಾಸ್ತರನಿಗೂ ಮೋಟಾರುಗಳ ಓಟಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ದೇವಿಮನೆ ಘಟ್ಟವನ್ನು ಬಸ್ಸು ಇಳಿಯುವಾಗ ಕಣ್ಣು ಮುಚ್ಚಿ ಕುಳಿತುಕೊಳ್ಳುವವರ ಪೈಕಿ ನಾನು. ಆದರೆ ನನ್ನ ಮಗಳ ಮಗನಿಗೆ ಈ ಫಾರ್ಮುಲಾ ಒನ್ ಓಟದ ಗೀಳು ಚಿಕ್ಕಂದಿನಿಂದಲೂ ಉಂಟು. ರಜೆಯಲ್ಲಿ ಬಂದಾಗಲೆಲ್ಲ ಅವನು ನನ್ನನ್ನೂ ಟೀವಿಯ ಮುಂದೆ ಕೂಡ್ರಿಸಿಕೊಂಡು ಅದರ ಶಾಸ್ತ್ರವನ್ನು ಪಾಠ ಹೇಳುವನು. ಪ್ರತಿಯೊಂದು ತಂಡಕ್ಕೆ ಎರಡು ಕಾರು, ಇಬ್ಬರು ಸಾರಥಿಗಳು. ಮೊದಲ ಹತ್ತು ಸ್ಥಾನಗಳವರಿಗೆ ಅಂಕಗಳು. ಆ ಅಂಕಗಳು ಸಾರಥಿಯ ಲೆಕ್ಕಕ್ಕೂ ತಂಡದ ಲೆಕ್ಕಕ್ಕೂ ಬೇರೆಬೇರೆಯಾಗಿ ಸೇರುವವು. ವರ್ಷಾಂತ್ಯದಲ್ಲಿ ತಂಡದ ಸ್ಥಾನವನ್ನು ನೋಡಿ ಹಣವು ಹಂಚಿಕೆಯಾಗುವದು. ಇಷ್ಟು ತಿಳಿದರೆ ಮುಂದಿನ ಮಾತಿಗೆ ಸಾಕು.

ಬೆಂಗಳೂರಿನ ಉದ್ಯಮಿಗಳೂ ನಮ್ಮ ರಾಜ್ಯದಿಂದ ರಾಜ್ಯಸಭೆಗೆ ಹೋದವರೂ ಆದ ವಿಜಯ ಮಲ್ಯರು 2007ರಲ್ಲಿ ಹಾಲಂಡಿನ ಪಾಲುಗಾರನೊಬ್ಬನೊಡನೆ ಕೂಡಿ ಒಂದು ತಂಡವನ್ನು ಕೊಂಡು, ಅದಕ್ಕೆ ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. ಆಗ ಅದು ಹೊಸ ತಂಡವೆಂದು ಅನೇಕರು ತಿಳಿದರು. ಅದು ಹೊಸದಲ್ಲ. ಇಂಗ್ಲಂಡದ ಸಿಲ್ವರ್‌ಸ್ಟೋನಿನಲ್ಲಿ ಎಡ್ಡಿ ಜೋರ್ಡನ್ನನೆಂಬ ಐರಿಶ್ ಗೃಹಸ್ಥನು ಕಟ್ಟಿದ ತಂಡವದು. ಅದು 1991ರಲ್ಲಿ ಮೊದಲು ಕಣಕ್ಕಿಳಿಯಿತು. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಸಾರಥಿ ನಾರಾಯಣ ಕಾರ್ತಿಕೇಯನ್ ಓಡಿಸಿದ್ದು ಈ ತಂಡದ ಕಾರನ್ನೇ. 2006ರಲ್ಲಿ ಅದರ ಹೆಸರು ಮಿಡ್ಲಂಡ್, 2007ರಲ್ಲಿ ಸ್ಪೈಕರ್, 2008ರಿಂದ ಫೋರ್ಸ್ ಇಂಡಿಯಾ, 2019ರಲ್ಲಿ ರೇಸಿಂಗ್ ಪಾಯಿಂಟ್, 2021ರಿಂದ ಆಸ್ಟನ್ ಮಾರ್ಟಿನ್. ಹೆಸರುಗಳೇನೋ ಹಲವು, ಊರು ಮಾತ್ರ ಒಂದೇ.

ಈ ತಂಡದ ದೈವವು ಬೆಲ್ಜಿಯಂ ದೇಶದ ಸ್ಪಾ ಎಂಬ ಊರಿನಲ್ಲಿ ಇದ್ದಂತೆ ತೋರುತ್ತದೆ. ಕಾಡುಗುಡ್ಡಗಳ ನಡುವೆ ಏರಿಳಿಯುವ, ಮಳೆಗೆ ಹೆಸರಾದ ದಾರಿಯದು. ನಮ್ಮ ಘಟ್ಟದವರಿಗೆ ನೋಡಿದೊಡನೆ ಆಪ್ತವೆನಿಸುವದು. ಮುಂದೆ ಜಗತ್ಪ್ರಸಿದ್ಧನಾದ ಮೈಕೆಲ್ ಶೂಮಾಕರನು 1991ರಲ್ಲಿ ತನ್ನ ಮೊದಲ ಫಾರ್ಮುಲಾ ಒನ್ ಸ್ಪರ್ಧೆಗೆ ಇಳಿದದ್ದು ಅಲ್ಲಿಯೇ, ಜೋರ್ಡನ್ ಕಾರಿನಲ್ಲಿ. 1998ರ ಆಗಸ್ಟ 30ರಂದು ಜಡಿಮಳೆಯಲ್ಲಿ ಡೇಮನ್ ಹಿಲ್ ಈ ತಂಡಕ್ಕೆ ಮೊದಲ ಜಯವನ್ನು ತಂದುಕೊಟ್ಟದ್ದೂ ಅಲ್ಲಿಯೇ. ಮರುವರ್ಷ ಎರಡು ಜಯಗಳು ದೊರೆತು ತಂಡವು ಮೂರನೆಯ ಸ್ಥಾನಕ್ಕೇರಿತು. 2003ರಲ್ಲಿ ಬ್ರೆಜಿಲ್ಲಿನಲ್ಲಿ ಫಿಸಿಕೆಲ್ಲಾ ಎಂಬ ಇಟಲಿಯವನು ನಾಲ್ಕನೆಯ ಜಯವನ್ನು ಗಳಿಸಿದನು. ಆ ದಿನ ಮಳೆಯಿಂದಲೂ ಅಪಘಾತದಿಂದಲೂ ಓಟವು ನಡುವೆಯೇ ನಿಂತು, ಬೇರೊಬ್ಬನನ್ನು ವಿಜಯಿಯೆಂದು ಸಾರಿದ್ದರು. ಕೆಲವು ದಿನಗಳ ಮೇಲೆ ಸುತ್ತುಗಳ ಎಣಿಕೆಯನ್ನು ಪರೀಕ್ಷಿಸಿ ಜಯವನ್ನು ಫಿಸಿಕೆಲ್ಲಾನ ಹೆಸರಿಗೆ ಬರೆದರು.

ಅನಂತರ ಬರಗಾಲ. 2006ರಲ್ಲಿ ಒಂದಂಕವೂ ಇಲ್ಲ, 2007ರಲ್ಲಿ ಒಂದು, ಭಾರತದ ಹೆಸರು ಹೊತ್ತ ಮೊದಲ ವರ್ಷವಾದ 2008ರಲ್ಲಿ ಮತ್ತೆ ಸೊನ್ನೆ. 2009ರಲ್ಲಿಯೂ ಸ್ಪಾ ಬರುವತನಕ ಸೊನ್ನೆಯೇ. ಅಲ್ಲಿ ಅದೇ ಫಿಸಿಕೆಲ್ಲಾ ಎಲ್ಲರಿಗಿಂತ ವೇಗವಾಗಿ ಓಡಿಸಿ ಮೊದಲ ಸಾಲನ್ನು ಹಿಡಿದನು; ಆಗಸ್ಟ 30ರಂದು, ಮೊದಲ ಜಯಕ್ಕೆ ಸರಿಯಾಗಿ 11 ವರ್ಷ ತುಂಬಿದ ದಿನ, ಫೆರಾರಿಯ ರೈಕೊನೆನ್ನನ ಬೆನ್ನಿಗೆ ಒಂದು ಸೆಕೆಂಡಿಗಿಂತಲೂ ಕಡಿಮೆ ಅಂತರದಲ್ಲಿ ಎರಡನೆಯವನಾಗಿ ಗುರಿ ಮುಟ್ಟಿದನು. ಫೋರ್ಸ್ ಇಂಡಿಯಾ ಎಂಬ ಹೆಸರಿಗೆ ದೊರೆತ ಮೊದಲ ಅಂಕಗಳು ಅವೇ.

ಇಲ್ಲಿಂದ ಮುಂದಿನ ಕಥೆ ವಿಚಿತ್ರವಾಗಿದೆ. ಯಜಮಾನರ ಭಾಗ್ಯವು ಇಳಿಯುತ್ತ ಹೋದಂತೆ ತಂಡದ ಸ್ಥಾನವು ಏರುತ್ತ ಹೋಯಿತು. 2011ರಲ್ಲಿ ಸಹಾರಾ ಸಂಸ್ಥೆಯವರು ಪಾಲುಗಾರರಾದರು. 2012ರಲ್ಲಿ ಮಲ್ಯರ ವಿಮಾನ ಸಂಸ್ಥೆಯು ಹಾರಾಟ ನಿಲ್ಲಿಸಿತು. 2016ರ ಮಾರ್ಚಿನಲ್ಲಿ ಅವರು ಬ್ಯಾಂಕುಗಳ ಸಾಲದ ವ್ಯಾಜ್ಯದ ನಡುವೆ ದೇಶವನ್ನೇ ಬಿಟ್ಟರು. ತಂಡವು 2015ರಲ್ಲಿ ಐದನೆಯದು. 2016ರಲ್ಲಿ 173 ಅಂಕಗಳೊಡನೆ ನಾಲ್ಕನೆಯದು. 2017ರಲ್ಲಿ 187 ಅಂಕಗಳೊಡನೆ ಮತ್ತೆ ನಾಲ್ಕನೆಯದು. ಮುಂದಿದ್ದ ಮೂರು ತಂಡಗಳೂ ಹಣದಲ್ಲಿಯೂ ಜನಬಲದಲ್ಲಿಯೂ ಇದಕ್ಕಿಂತ ಬಹಳ ದೊಡ್ಡವು. ಫೋರ್ಸ್ ಇಂಡಿಯಾ ಎಂಬ ಹೆಸರಿನಲ್ಲಿ ಒಂದು ಜಯವೂ ದೊರೆಯಲಿಲ್ಲವೆಂಬದು ನಿಜ. ಆರು ಸಲ ಮಾತ್ರ ಮೊದಲ ಮೂವರಲ್ಲಿ ಒಬ್ಬರಾದರು. ಆದರೆ ಬಡವನ ಮನೆಯ ಹುಡುಗನು ವರ್ಷವರ್ಷವೂ ಮೊದಲ ಸಾಲಿಗೆ ಸಮೀಪ ಬರುತ್ತಿರುವದನ್ನು ಕಂಡ ಮಾಸ್ತರನಿಗೆ ಈ ಅಂಕಗಳ ಬೆಲೆ ಗೊತ್ತು.

2018ರಲ್ಲಿ ತಂಡದ ಬೊಕ್ಕಸವು ಬರಿದಾಯಿತು. ಜುಲೈ 27ರಂದು ಲಂಡನ್ನಿನ ಉಚ್ಚ ನ್ಯಾಯಾಲಯವು ಅದನ್ನು ಆಡಳಿತಾಧಿಕಾರಿಗಳ ವಶಕ್ಕೆ ಕೊಟ್ಟಿತು. ನ್ಯಾಯಾಲಯಕ್ಕೆ ಹೋದವನು ತಂಡದ ಸಾರಥಿಯೇ ಆದ ಮೆಕ್ಸಿಕೋದ ಸೆರ್ಜಿಯೋ ಪೆರೆಜ್. ಅವನಿಗೂ ಹಣ ಬರತಕ್ಕದ್ದಿತ್ತು. ಆದರೆ ತಂಡವು ಪೂರ್ತಿ ಮುಚ್ಚಿಹೋಗಿ ಜನರ ಕೆಲಸ ಹೋಗಬಾರದೆಂದೇ ಹೀಗೆ ಮಾಡಿದೆನೆಂದು ಅವನು ಹೇಳಿದನು. ಅಲ್ಲಿ ದುಡಿಯುತ್ತಿದ್ದವರು 405 ಜನ. ಕೆನಡಾದ ಲಾರೆನ್ಸ್ ಸ್ಟ್ರೋಲ್ ಮುಂತಾದವರು ಮುಂದೆ ಬಂದು ಅಷ್ಟೂ ಜನರ ಕೆಲಸವನ್ನು ಉಳಿಸಿದರು. ಆದರೆ ಅವರು ಕೊಂಡದ್ದು ತಂಡದ ಸ್ವತ್ತನ್ನು, ಹಳೆಯ ಕಂಪನಿಯನ್ನಲ್ಲ. ಆದ್ದರಿಂದ ನಿಯಮದ ಪ್ರಕಾರ ಅದು ಹೊಸ ತಂಡವಾಯಿತು; ಆ ವರ್ಷದ ಮೊದಲ 12 ಸ್ಪರ್ಧೆಗಳಲ್ಲಿ ತಂಡದ ಲೆಕ್ಕಕ್ಕೆ ಸೇರಿದ್ದ 59 ಅಂಕಗಳು ಅಳಿಸಿಹೋದವು. ಇತರ ತಂಡಗಳ ಸಮ್ಮತಿಯಿಂದ ಹಳೆಯ ಹಣದ ಹಕ್ಕು ಉಳಿಯಿತು; ಅಂಕಗಳು ಮಾತ್ರ ಉಳಿಯಲಿಲ್ಲ. ಸಾರಥಿಗಳ ಅಂಕಗಳು ಹಾಗೆಯೇ ಇದ್ದವು; ಕಾರು ಕಟ್ಟಿದವರದು ಹೋಯಿತು!

ಮರುಸ್ಪರ್ಧೆ ಸ್ಪಾದಲ್ಲಿ. ಸೊನ್ನೆಯಿಂದ ಹೊರಟವರು ಅಲ್ಲಿ ಐದನೆಯ, ಆರನೆಯ ಸ್ಥಾನಗಳನ್ನು ಪಡೆದು ಒಂದೇ ದಿನದಲ್ಲಿ 18 ಅಂಕ ಗಳಿಸಿದರು. ಉಳಿದ ಒಂಬತ್ತು ಸ್ಪರ್ಧೆಗಳಲ್ಲಿ ಒಟ್ಟು 52. ವರ್ಷಾಂತ್ಯಕ್ಕೆ ಏಳನೆಯ ಸ್ಥಾನ. ಎರಡೂ ಲೆಕ್ಕಗಳನ್ನು ಕೂಡಿಸಿದರೆ 111 ಆಗಿ ಐದನೆಯ ಸ್ಥಾನವು ಅವರದಾಗುತ್ತಿತ್ತು.

ಈ ಭಾಗವನ್ನು ಹೇಳುವಾಗ ಮೊಮ್ಮಗನ ದನಿ ಬದಲಾಗುತ್ತದೆ. ಕಾರಣವುಂಟು. ಅವನು ಬೆಂಗಳೂರಿನ ಒಂದು ಯಂತ್ರದ ಕಾರಖಾನೆಯಲ್ಲಿ ಎಂಟು ವರ್ಷ ದುಡಿದವನು. ಕಾರಖಾನೆಯು ಕೈ ಬದಲಾಯಿತು. ಹೊಸ ಯಜಮಾನರು ಹೊಸ ನೇಮಕಪತ್ರವನ್ನು ಕೊಟ್ಟರು. ಎಂಟು ವರ್ಷದ ಸೇವೆಯು ಲೆಕ್ಕದಲ್ಲಿ ಇಲ್ಲವಾಯಿತು. ಅದೇ ಯಂತ್ರ, ಅದೇ ಕೈ, ಅದೇ ಬೆವರು. "ಗಳಿಸಿದ್ದು ಎಲ್ಲಿಗೆ ಹೋತು, ಅಜ್ಜಾ?" ಎಂದು ಕೇಳಿದನು. ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ ಅಜ್ಜನಲ್ಲಿ ಆ ಹೊತ್ತಿಗೆ ಉತ್ತರವಿರಲಿಲ್ಲ.

ಬೌದ್ಧರ ಮಿಲಿಂದಪ್ರಶ್ನದಲ್ಲಿ ನಾಗಸೇನನೆಂಬ ಭಿಕ್ಷುವು ರಥದಲ್ಲಿ ಬಂದ ಅರಸನನ್ನು ಕೇಳುತ್ತಾನೆ: ರಥವೆಂದರೆ ಯಾವದು? ಗಾಲಿಯೋ, ಅಚ್ಚೋ, ಮೂಕಿಯೋ? ಒಂದೊಂದನ್ನೇ ತೆಗೆದು ನೋಡಿದರೆ ಯಾವದೂ ರಥವಲ್ಲ. ಅವೆಲ್ಲ ಕೂಡಿದಾಗ ನಾವಿಟ್ಟ ಹೆಸರೇ ರಥ. ಸಿಲ್ವರ್‌ಸ್ಟೋನಿನ ರಥಕ್ಕಾದರೋ ಪ್ರತಿವರ್ಷವೂ ಅಂಗಾಂಗಗಳು ಹೊಸವು. ಯಜಮಾನರು ಹೋದರು, ಸಾರಥಿಗಳು ಹೋದರು, ಕೊನೆಗೆ ಹೆಸರೂ ಹೋಯಿತು. ಹಾಗಾದರೆ ಉಳಿದದ್ದು ಯಾವದು? 1991ರ ಮೊದಲ ಕಾರಿನ ವಿನ್ಯಾಸದಲ್ಲಿ ಕೈಯಿಟ್ಟಿದ್ದ ಆಂಡ್ರ್ಯೂ ಗ್ರೀನ್ ಎಂಬವನು ನಡುವೆ ಬೇರೆಡೆಗೆ ಹೋಗಿ, ತಿರುಗಿ ಬಂದು, ಫೋರ್ಸ್ ಇಂಡಿಯಾದ ಕಾಲದಲ್ಲಿಯೂ ಅನಂತರವೂ ತಾಂತ್ರಿಕ ನಿರ್ದೇಶಕನಾಗಿದ್ದನು. ಉಳಿದದ್ದು ಅದೇ: ಕೈಯಿಂದ ಕೈಗೆ ಬಂದ ವಿದ್ಯೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಅಜ್ಜನ ಹೆಸರು ಹೋಗಿ ಮೊಮ್ಮಗನದು ಬರುವದು. ಮುದಿ ಮರ ಬಿದ್ದಲ್ಲಿ ಸಸಿ ಏಳುವದು. ಯಾವ ಮರಕ್ಕೆ ಮೊದಲು ಕೊಳೆ ತಗಲುವದು, ಯಾವ ಸಾಲಿನ ಕೊನೆ ಮೊದಲು ಕೊಯ್ಲಿಗೆ ಬರುವದು ಎಂಬದು ಮಾತ್ರ ಕೊನೆಗೌಡನಿಗೆ ಗೊತ್ತು. ಅದು ಅವನಿಗೆ ಅವನ ಅಪ್ಪನಿಂದ ಬಂದದ್ದು. ಪಹಣಿಯಲ್ಲಿ ಆ ವಿದ್ಯೆಗೆ ಅಂಕಣವಿಲ್ಲ.

ಹಾಗೆಂದು ಲೆಕ್ಕದ ಪುಸ್ತಕವನ್ನು ತಾತ್ಸಾರ ಮಾಡಲಾಗದು. ದುಡಿದವನಿಗೆ ದುಡಿಮೆಯ ಲೆಕ್ಕ ಸಲ್ಲಬೇಕು. ವಿದ್ಯೆ ಉಳಿಯಿತಲ್ಲ ಎಂದು ಸಮಾಧಾನ ಹೇಳಿ ಕೂಲಿಯನ್ನು ತಪ್ಪಿಸುವದು ವೇದಾಂತವಲ್ಲ, ವಂಚನೆ. ಮೊಮ್ಮಗನಿಗೆ ನಾನು ಕೊನೆಗೆ ಹೇಳಿದ್ದೂ ಇಷ್ಟೇ: ನಿನ್ನ ಎಂಟು ವರ್ಷದ ಲೆಕ್ಕವನ್ನು ಕಾಗದ ಹಿಡಿದು ಕೇಳು, ಕೇಳುವಾಗ ತಲೆ ತಗ್ಗಿಸಬೇಡ. ಆದರೆ ಕಾಗದದಲ್ಲಿ ಸೊನ್ನೆ ಬರೆದರೆಂದು ನಿನ್ನ ಕೈಯೂ ಸೊನ್ನೆಯಾಯಿತೆಂದು ತಿಳಿಯಬೇಡ. ಅವನು ಅರ್ಜಿಯನ್ನು ಕೊಟ್ಟಿದ್ದಾನೆ. ತೀರ್ಮಾನವು ಇನ್ನೂ ಆಗಿಲ್ಲ.

ತಂಡದ ಲೆಕ್ಕವಾದರೋ ಮತ್ತೊಂದು ಸಾಲನ್ನು ಕಂಡಿತು. 2020ರ ಡಿಸೆಂಬರ 6ರಂದು ಬಹ್ರೇನಿನಲ್ಲಿ ಮೊದಲ ಸುತ್ತಿನಲ್ಲಿಯೇ ಪೆಟ್ಟು ತಿಂದು ಎಲ್ಲರ ಹಿಂದೆ ಬಿದ್ದ ಪೆರೆಜ್, ಒಬ್ಬೊಬ್ಬರನ್ನೇ ದಾಟಿ ಬಂದು ಗೆದ್ದನು. 2003ರ ಅನಂತರ ಆ ಕಾರಖಾನೆಗೆ ಅದೇ ಮೊದಲ ಜಯ. ದಾಖಲೆಯಲ್ಲಿ ಅದು ರೇಸಿಂಗ್ ಪಾಯಿಂಟ್ ತಂಡದ ಮೊದಲನೆಯ ಜಯವೆಂದಿದೆ. ನಮ್ಮ ಮನೆಯ ಪಂಚಾಂಗದ ಹಿಂದಿನ ಹಾಳೆಯಲ್ಲಿ ಮೊಮ್ಮಗನು ಅದನ್ನು ಐದನೆಯದೆಂದು ಬರೆದಿಟ್ಟಿದ್ದಾನೆ. ನಾನು ಅದನ್ನು ತಿದ್ದಲಿಲ್ಲ.