ಹತ್ತು ರೂಪಾಯಿಯ ಹಾಯಿದೋಣಿ ಹತ್ತಿ

ಹಳೇ ನೋಟು ಸಂಗ್ರಹಿಸುವವರ ಪಕ್ಕದಲ್ಲಿ ಯಾವತ್ತಾದರೂ ಕೂತಿದ್ದೀರಾ? ಕೈಗೆ ನೋಟು ಬಂತೋ, ಗಾಂಧೀಜಿಯ ಮುಖವನ್ನೂ ನೋಡುವುದಿಲ್ಲ, ಅಶೋಕ ಸ್ತಂಭವನ್ನೂ ನೋಡುವುದಿಲ್ಲ, ಭೂತಗನ್ನಡಿ ಹಿಡಿದು ಸೀದಾ ಮೂಲೆಗೆ ಹೋಗುತ್ತಾರೆ. ನಂಬರಿನ ಹಿಂದೆ ಅಕ್ಷರ ಇದೆಯೇ? ಸಹಿ ಯಾರದು? ನಂಬರಿನ ಮೊದಲಿಗೆ ಬರುವ ಪ್ರಿಫಿಕ್ಸ್ ಏನು? ನಾನೂ ಆ ಪೈಕಿಯವನೇ. ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ನೂರರ ನೋಟುಗಳೆಲ್ಲ ಒಂದೇ. ನಮಗೆ ಹಾಗಲ್ಲ. ನಂಬರಿನ ಹಿಂದೆ ಮಸುಕಾಗಿ 'ಎಲ್' ಎಂಬ ಇನ್‌ಸೆಟ್ ಅಕ್ಷರ ಇದ್ದರೆ ಒಂದು ನೋಟು, ಏನೂ ಇಲ್ಲದಿದ್ದರೆ ಇನ್ನೊಂದು. ಸಹಿ ಹಾಕಿದ ಗವರ್ನರ್ ಒಬ್ಬರೇ, ಹಿಂಬದಿಯಲ್ಲಿ ಅಚ್ಚಾದ ಇಸವಿಯೂ ಅದೇ. ಆದರೂ ಆಲ್ಬಮ್ಮಿನಲ್ಲಿ ಎರಡಕ್ಕೂ ಬೇರೆ ಬೇರೆ ಮನೆ.

ಯಾಕಪ್ಪಾ ಈ ಪಾಡು ಅಂತೀರಾ? ನೋಟು ಹುಟ್ಟುವುದು ಅಚ್ಚಿನ ಪ್ಲೇಟಿನಿಂದ. ಲಕ್ಷಗಟ್ಟಲೆ ಒತ್ತಿದ ಮೇಲೆ ಪ್ಲೇಟು ಸವೆಯುತ್ತದೆ, ಹೊಸದು ಬರುತ್ತದೆ. ಬದಲಾಯಿಸಿದವರು ಒಂದು ಗುರುತು ಉಳಿಸಿರುತ್ತಾರೆ, ಇಲ್ಲವೇ ಒಂದು ಅಕ್ಷರ ತಿದ್ದಿರುತ್ತಾರೆ. ಅಚ್ಚುಮನೆಯ ಒಂದು ದಿನದ ಕೆಲಸ ಹೀಗೆ ಕಾಗದದ ಮೇಲೆ ಉಳಿದುಬಿಡುತ್ತದೆ. ಅದನ್ನು ಓದುವ ಸುಖ ಇದೆಯಲ್ಲ, ಅದು ನೋಟಿನ ಬೆಲೆಗಿಂತ ದೊಡ್ಡದು ಅನ್ನುವವನು ನಾನು.

ಐವತ್ತರ ದಶಕದ ಹತ್ತು ರೂಪಾಯಿಯನ್ನೇ ತೆಗೆದುಕೊಳ್ಳಿ, ಹಿಂಬದಿಯಲ್ಲಿ ಹಾಯಿದೋಣಿ ಇರುವುದು. 1953ರಲ್ಲಿ ಹೊಸ ನೋಟುಗಳ ಮೇಲೆ ಹಿಂದಿ ಎದ್ದು ಕಾಣುವಂತೆ ಬಂತು. ಮೊದಲು ಬಂದದ್ದು 'ರುಪಯಾ'. ಹತ್ತಕ್ಕೆ ಬಹುವಚನ ಬೇಡವೇ ಎಂದು ಚರ್ಚೆಯಾಗಿ 'ರುಪಯೇ' ಗೆದ್ದಿತು. ಅಲ್ಲಿಗೆ ಪ್ಲೇಟು ತಿದ್ದಬೇಕಾಯಿತು. ದೋಣಿ ಅದೇ, ಸ್ತಂಭ ಅದೇ, ಒಂದು ಮಾತ್ರೆಯಷ್ಟು ವ್ಯತ್ಯಾಸ. ಬಾಗಿಲಿಗೆ ಬಂದ ನೆಂಟರನ್ನು ಒಳಗೆ ಕರೆಯುವುದನ್ನೂ ಮರೆತು ಆ ಮಾತ್ರೆ ಹುಡುಕುವವರನ್ನು ನಾನು ಬಲ್ಲೆ.

ಆ ಕಾಲದ ನೋಟಿನ ಮೇಲಿನ ಸಹಿ ಯಾರದು ಗೊತ್ತೇ? ನಮ್ಮ ಮಂಗಳೂರಿನ ಬೆನಗಲ್ ರಾಮರಾವ್ ಅವರದು. 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್. ಅಷ್ಟು ದೀರ್ಘಕಾಲ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿಲ್ಲ. ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ಜೊತೆ ಸರಿಬರದೆ ರಾಜೀನಾಮೆ ಕೊಟ್ಟು ಎದ್ದುಬಂದವರು. 1925ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಬೆನಗಲ್ ರಾಮರಾವ್ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಅವರು ಬೇರೆ, ಕನ್ನಡದ ವಿದ್ವಾಂಸರು. ನೋಟಿನ ರಾಮರಾಯರ ಅಣ್ಣ ಬಿ. ಎನ್. ರಾವ್, ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು. ಮಗಳು ಶಾಂತಾ ರಾಮರಾವ್ ಇಂಗ್ಲಿಷಿನಲ್ಲಿ ಹೆಸರು ಮಾಡಿದ ಲೇಖಕಿ. ಒಂದೇ ಮನೆಯ ಒಬ್ಬರು ಸಂವಿಧಾನದ ಕರಡಿಗೆ ಕೈಹಚ್ಚಿದರು, ಇನ್ನೊಬ್ಬರು ದೇಶದ ನೋಟಿಗೆ ಸಹಿ ಹಾಕಿದರು! ಮಂಗಳೂರಿನವರು ಇದನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿಕೊಳ್ಳಬೇಕು ಎಂದು ನನ್ನ ಆಸೆ.

ಎಲ್ಲಿದ್ದೆವು? ಹಾಂ, ರಾಮರಾಯರು. ಗವರ್ನರ್ ಆಗುವ ಮೊದಲು ಅವರು ಅಮೆರಿಕದಲ್ಲಿ ನಮ್ಮ ರಾಯಭಾರಿ. ಅವರ ಬೆನ್ನುಹಿಡಿದು ನಾವೂ ಅಲ್ಲಿಗೆ ಹೋಗಿಬರೋಣ, ಯಾಕೆಂದರೆ ಪ್ಲೇಟಿನ ಹುಚ್ಚಿಗೆ ಡಾಲರಿನಷ್ಟು ಒಳ್ಳೆಯ ಮೇವು ಬೇರೆಲ್ಲೂ ಸಿಗದು. ಮಗನೋ ಸೊಸೆಯೋ ತಂದ ಒಂದು ಡಾಲರ್ ಮನೆಯಲ್ಲಿದ್ದರೆ ನೋಡಿ. ಮುಂಬದಿಯ ಎಡ ಮೇಲ್ಗಡೆ 'ಸಿ3' ಎಂಬಂಥ ಪುಟ್ಟ ಗುರುತು. ದೊಡ್ಡ ಹಾಳೆಯಲ್ಲಿ ಈ ನೋಟು ಯಾವ ಜಾಗದಲ್ಲಿತ್ತು ಎಂಬುದರ ವಿಳಾಸ ಅದು. ಬಲ ಕೆಳಗಡೆ ಪ್ಲೇಟಿನ ನಂಬರು. ಅದರ ಮುಂದೆ ಕಣ್ಣಿಗೆ ಕಂಡೂ ಕಾಣದಂತೆ 'ಎಫ್‌ಡಬ್ಲ್ಯು' ಎಂದಿದ್ದರೆ ಅದು ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಅಚ್ಚಾದದ್ದು, ಇಲ್ಲದಿದ್ದರೆ ವಾಷಿಂಗ್ಟನ್ನಿನದು.

ತೊಂಬತ್ತರ ದಶಕದಲ್ಲಿ ಅಮೆರಿಕದವರು ಒಂದು ಪ್ರಯೋಗ ಮಾಡಿದರು, ಹಾಳೆ ಬಿಟ್ಟು ಕಾಗದದ ಸುರುಳಿಯಿಂದ ಒಂದು ಡಾಲರ್ ನೋಟು ಅಚ್ಚುಹಾಕುವುದು. ಕೆಲವೇ ವರ್ಷಕ್ಕೆ ಕೈಬಿಟ್ಟರು. ಆ ನೋಟುಗಳಲ್ಲಿ ಎಡ ಮೇಲಿನ ವಿಳಾಸವೇ ಇಲ್ಲ. ಹಿಂಬದಿಯಲ್ಲಿ ಕೆಳಗಿರಬೇಕಾದ ಪ್ಲೇಟಿನ ನಂಬರು ಮೇಲೇರಿ 'ಟ್ರಸ್ಟ್' ಎಂಬ ಮಾತಿನ ಪಕ್ಕ ಕೂತಿದೆ. ಸರಣಿ 1988ಎ, 1993, 1995 ಎಂದಿದ್ದರೆ ಒಮ್ಮೆ ತಿರುಗಿಸಿ ನೋಡಿ.

ಇದಕ್ಕಿಂತ ಸೊಗಸಾದ ಕತೆ ಸರಣಿ 2013ರದು. ಕೆಟ್ಟ ನೋಟಿನ ಬದಲಿಗೆ ಸೇರಿಸುವ, ನಂಬರಿನಲ್ಲಿ ನಕ್ಷತ್ರವಿರುವ ನೋಟುಗಳನ್ನು, ನ್ಯೂಯಾರ್ಕಿನ ರಿಸರ್ವ್ ಬ್ಯಾಂಕಿನ ಗುರುತಾದ 'ಬಿ' ಅಕ್ಷರದಡಿ, ಒಂದೇ ನಂಬರುಗಳಲ್ಲಿ ಎರಡೂ ಅಚ್ಚುಮನೆಗಳು ಅಚ್ಚುಹಾಕಿಬಿಟ್ಟವು! ಅರವತ್ತು ಲಕ್ಷಕ್ಕೂ ಹೆಚ್ಚು ಜೋಡಿ. ನಂಬರು ಒಂದೇ, ಸಹಿ ಒಂದೇ; ಬೇರೆ ಬೇರೆ ಎಂದು ಹೇಳುವುದು ಆ 'ಎಫ್‌ಡಬ್ಲ್ಯು' ಮತ್ತು ಪ್ಲೇಟಿನ ನಂಬರು ಮಾತ್ರ. ಅಷ್ಟು ದೊಡ್ಡ ದೇಶದಲ್ಲಿ ಚದುರಿಹೋದ ಜೋಡಿಯನ್ನು ಮತ್ತೆ ಕೂಡಿಸಬೇಕೆಂದು ಜನ ಬ್ಯಾಂಕಿನ ಕಟ್ಟು ಕಟ್ಟು ಬಿಚ್ಚಿ ಹುಡುಕುತ್ತಾರೆ. ಅವರ ತಾಳ್ಮೆಗೆ ನನ್ನ ನಮಸ್ಕಾರ.

ನಕ್ಷತ್ರ ನಮ್ಮಲ್ಲೂ ಉಂಟು. 2006ರಿಂದ ಶುರು, ಮೊದಲಿಗೆ ಹತ್ತು, ಇಪ್ಪತ್ತು, ಐವತ್ತರಲ್ಲಿ. ಅಚ್ಚುಮನೆ ಅಂದರೆ ನಮಗೆ ದೂರದ ನಾಸಿಕವೇ ಆಗಬೇಕಿಲ್ಲ, ಮೈಸೂರಿನಲ್ಲೇ ಇದೆ. ನೋಟಿನ ಕಾಗದದ ಗಿರಣಿ ಅಲ್ಲೇ, 2022ರಿಂದ ಶಾಯಿ ತಯಾರಿಸುವ 'ವರ್ಣಿಕಾ' ಕೂಡ ಅಲ್ಲೇ. ಮೈಸೂರು ಅಂದರೆ ಪಾಕು, ಮಲ್ಲಿಗೆ, ರೇಷ್ಮೆ ಎಂದು ಪಟ್ಟಿ ಹೇಳುವಾಗ ನಾನು ಇವನ್ನೂ ಬಿಡದೆ ಸೇರಿಸುತ್ತೇನೆ.

ಅಂದಹಾಗೆ, ಅಜ್ಜಿಯ ಟ್ರಂಕಿನಲ್ಲಿ, ಪಂಚಾಂಗದ ನಡುವೆ ಮಡಿಸಿಟ್ಟ ನೋಟು ಸಿಕ್ಕರೆ ಒಂದು ಉಪಕಾರ ಮಾಡಿ. ಇಸ್ತ್ರಿ ಪೆಟ್ಟಿಗೆ ಇಡಬೇಡಿ, ಹರಿದಲ್ಲಿ ಟೇಪು ಅಂಟಿಸಬೇಡಿ, ಪಿನ್ನಂತೂ ಬೇಡವೇ ಬೇಡ. ಸಹಿ ಓದಿಕೊಳ್ಳಿ, ನಂಬರಿನ ಹಿಂದಿನ ಅಕ್ಷರ ಬರೆದುಕೊಳ್ಳಿ. ಬೆಲೆ ಎಷ್ಟು ಎಂದು ಆಮೇಲೆ ಕೇಳುವಿರಂತೆ.