ಕೊನೆಯ ದಿನಾಂಕ ಯಾವತ್ತು?

ಇಂಜಿನಿಯರಿಂಗ್ ಓದೋರಿಗೆ ಡೆಡ್‌ಲೈನ್ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಲ್ಯಾಬ್ ರೆಕಾರ್ಡ್, ಅಸೈನ್‌ಮೆಂಟ್, ಪರೀಕ್ಷಾ ಶುಲ್ಕ, ಹ್ಯಾಕಥಾನ್ ರಿಜಿಸ್ಟ್ರೇಷನ್, ಎಲ್ಲವನ್ನೂ ಕೊನೆಯ ರಾತ್ರಿ ಹನ್ನೊಂದೂವರೆಗೆ ಮುಗಿಸಿ ದಡ ಸೇರಿದವರು ನಾವು. ಆದರೆ ನಮ್ಮ ಡಿಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಬಾರದ ಇನ್ನೊಂದು ಬಗೆಯ ಡೆಡ್‌ಲೈನ್‌ಗಳಿವೆ. ಸರ್ಕಾರ ಹೇಗೆ ನಡೆಯತ್ತೆ, ಕಾನೂನು ಹೇಗೆ ತಯಾರಾಗತ್ತೆ ಅಂತ ಕುತೂಹಲ ಇರೋ ಪದವಿ ವಿದ್ಯಾರ್ಥಿಗಳಿಗೆ ಸೇರಿದ ದಿನಾಂಕಗಳು ಅವು. ಬಿ.ಎ. ಓದೋರಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಅದನ್ನ ಹೇಳೋದಕ್ಕೇ ಈ ಬರಹ.

ಇಲ್ಲಿ ನಾವು ಅಂದ್ರೆ ಕನ್ನಡ ಸಂಘದ ನಾಲ್ಕು ಜನ. ಎಲ್ಲರೂ ಎರಡನೇ ವರ್ಷ. ಇಬ್ಬರು ಕಂಪ್ಯೂಟರ್ ಸೈನ್ಸ್, ಒಬ್ಬಳು ಸಿವಿಲ್, ಒಬ್ಬ ಎಲೆಕ್ಟ್ರಾನಿಕ್ಸ್. ಮೂವರು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ನಾಲ್ಕನೆಯವನು ಹಾವೇರಿ ಕಡೆಯ ಹಳ್ಳಿಯವನು, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಈ ವಿಷಯ ಮುಂದೆ ಬೇಕಾಗತ್ತೆ, ಅದಕ್ಕೇ ಹೇಳ್ತಿದ್ದೇವೆ.

ವಿಟಿಯು 2022ರ ಸ್ಕೀಮಿನಲ್ಲಿ ಮೊದಲ ವರ್ಷಕ್ಕೆ ಎರಡು ಸಣ್ಣ ವಿಷಯಗಳಿವೆ. ಒಂದು ಭಾರತದ ಸಂವಿಧಾನ, ಇನ್ನೊಂದು ಕನ್ನಡ. ಎರಡಕ್ಕೂ ಒಂದೊಂದೇ ಕ್ರೆಡಿಟ್. ಎರಡಕ್ಕೂ ಒಂದು ಗಂಟೆಯ ಪರೀಕ್ಷೆ, ನಾಲ್ಕು ಆಯ್ಕೆಗಳಲ್ಲಿ ಒಂದನ್ನ ಗುರುತು ಹಾಕೋದು. ನಾಲ್ಕು ಕ್ರೆಡಿಟ್‌ನ ಗಣಿತದ ಮುಂದೆ ಇವಕ್ಕೆ ಯಾರು ತಲೆ ಕೆಡಿಸಿಕೊಳ್ತಾರೆ? ಹಿಂದಿನ ರಾತ್ರಿ ಓದಿದರೆ ಸಾಕು ಅಂತ ಸೀನಿಯರ್‌ಗಳು ಹೇಳಿದ್ದರು. ಮಾರ್ಕ್ಸಿನ ಮಟ್ಟಿಗೆ ಅವರು ಹೇಳಿದ್ದು ನಿಜ. ಆದರೆ ಮೊದಲ ವರ್ಷ ಮುಗಿಯೋ ಹೊತ್ತಿಗೆ ಕಾಲೇಜಿನ ಹೊರಗೆ ನಮ್ಮ ಉಪಯೋಗಕ್ಕೆ ಬಂದಿದ್ದು ಈ ಎರಡೇ ವಿಷಯ.

ನಡೆದದ್ದು ಇಷ್ಟು. 2025ರ ಜನವರಿ 3ರಂದು ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳ ಕರಡನ್ನು ಪ್ರಕಟಿಸಿತು. ಮೂಲ ಕಾಯ್ದೆ 2023ರದ್ದು. ಅದನ್ನ ಜಾರಿಗೆ ತರೋದು ಹೇಗೆ ಅಂತ ಹೇಳೋದು ನಿಯಮಗಳು. ಸಾರ್ವಜನಿಕರು ಅಭಿಪ್ರಾಯ ತಿಳಿಸೋಕೆ ಫೆಬ್ರವರಿ 18 ಕೊನೆಯ ದಿನ ಅಂತ ಇತ್ತು. ನಮ್ಮ ಆ್ಯಪ್, ನಮ್ಮ ಫೋಟೋ, ನಮ್ಮ ಲೊಕೇಶನ್ ಯಾರ ಹತ್ತಿರ ಹೇಗೆ ಇರಬೇಕು ಅನ್ನೋದರ ನಿಯಮ ಅದು. ಕಂಪ್ಯೂಟರ್ ಸೈನ್ಸಿನ ಇಬ್ಬರಿಗೆ ಅದು ಮುಂದಿನ ಕೆಲಸದ ವಿಷಯ. ಓದೋಣ ಅಂತ ಕೂತೆವು.

ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸೋದಕ್ಕೆ ತಂದೆ ತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ಕೊಟ್ಟವರು ನಿಜವಾಗಿಯೂ ದೊಡ್ಡವರೇ ಅಂತ ಕಂಪನಿ ಪರಿಶೀಲಿಸಬೇಕು. ನಮ್ಮ ಸೆಕ್ಷನ್ನಿನಲ್ಲೇ ಆಗ 18 ತುಂಬದವರು ಕೆಲವರಿದ್ದರು. ಮನೆ ಬಿಟ್ಟು ಹಾಸ್ಟೆಲಿನಲ್ಲಿದ್ದು, ಸಿ ಪ್ರೋಗ್ರಾಂ ಬರೆಯೋ ಹುಡುಗ ಕಾನೂನಿನ ಕಣ್ಣಲ್ಲಿ ಮಗು. ನಾವು ನಕ್ಕೆವು. ಹಾವೇರಿಯ ಗೆಳೆಯ ಮಾತ್ರ ನಗಲಿಲ್ಲ. ಅವನ ಮನೆಯಲ್ಲಿ ಅವ್ವನ ಫೋನಿನಲ್ಲಿ ಪ್ರತಿಯೊಂದು ಆ್ಯಪನ್ನೂ ಹಾಕಿಕೊಟ್ಟವನು ಅವನೇ. ಪರದೆ ಮೇಲೆ ಏನಾದರೂ ಬಂದ್ರೆ ಅವ್ವ ಫೋನ್ ಮಾಡಿ, "ಇದನ್ನ ಒತ್ತಿದ್ರ ಏನ್ ಆಗ್ತೈತಿ ನೋಡಪಾ" ಅಂತ ಅವನನ್ನೇ ಕೇಳ್ತಾರಂತೆ. "ನಮ್ಮನ್ಯಾಗ ಒಪ್ಪಿಗಿ ಕೊಡೋರು ಯಾರು, ತಗೊಳ್ಳೋರು ಯಾರು?" ಅಂದ. ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕರಡಿನಲ್ಲೂ ಕಾಣಲಿಲ್ಲ.

ಸರಿ, ಅದನ್ನೇ ಬರೆದು ಕಳಿಸೋಣ ಅಂತಾಯ್ತು. 18ರ ಗೆರೆಯನ್ನ ಕೆಳಗಿಳಿಸಿ ಅಂತ ಕೇಳಬಹುದಾ? ಇಲ್ಲ. ಅದು ಸಂಸತ್ತು ಪಾಸು ಮಾಡಿದ ಕಾಯ್ದೆಯಲ್ಲೇ ಇದೆ, ನಿಯಮಗಳಿಂದ ಅದನ್ನ ಬದಲಾಯಿಸೋಕೆ ಆಗಲ್ಲ. ಶಾಸಕಾಂಗ, ಕಾರ್ಯಾಂಗ ಅಂತ ಒಂದು ಕ್ರೆಡಿಟ್‌ಗೆ ಗುರುತು ಹಾಕಿ ಬಂದಿದ್ದೆವಲ್ಲ, ಅದರ ಅರ್ಥ ಅವತ್ತು ಗೊತ್ತಾಯ್ತು. ಹಾಗಾದ್ರೆ ನಿಯಮದ ಕೈಯಲ್ಲಿ ಇರೋದನ್ನ ಕೇಳಬೇಕು. ಅದೇ ಕಾಯ್ದೆಯಲ್ಲಿ, ಒಪ್ಪಿಗೆ ಕೇಳೋ ಸೂಚನೆಯನ್ನ ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದೋ ಆಯ್ಕೆ ಜನರಿಗೆ ಇರಬೇಕು ಅಂತಿದೆ. ಆ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು. ತಂದೆ ತಾಯಿಯನ್ನು ಪರಿಶೀಲಿಸೋ ಕ್ರಮದ ಒಂದೊಂದು ಹಂತವೂ ಅದೇ ರೀತಿ ಅವರ ಭಾಷೆಯಲ್ಲಿರಲಿ, ಓದು ಬಾರದವರಿಗೆ ಧ್ವನಿಯಲ್ಲಿ ಕೇಳಿಸೋ ವ್ಯವಸ್ಥೆ ಇರಲಿ ಅಂತ ಬರೆದೆವು.

ಬರೆಯೋಕೆ ಮುಂಚೆ ಇನ್ನೊಂದು ಕೆಲಸ ಮಾಡಿದೆವು. ಕರಡು ಬಂದಿದ್ದು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಅದರಲ್ಲಿನ ಮುಖ್ಯ ವಿಷಯಗಳನ್ನ ಎರಡು ಪುಟ ಕನ್ನಡ ಮಾಡಿ, ಗೆಳೆಯನ ಅವ್ವನಿಗೆ ಫೋನಿನಲ್ಲಿ ಓದಿ ಹೇಳೋದು ಅಂತ. ಇಂಗ್ಲಿಷ್ ಮೀಡಿಯಂನ ಮೂವರು ಇಲ್ಲಿ ಸುಸ್ತಾದೆವು. 'ಡೇಟಾ ಫಿಡ್ಯೂಷಿಯರಿ' ಅನ್ನೋ ಪದವನ್ನ ಇಂಗ್ಲಿಷ್‌ನಲ್ಲಿ ಇಪ್ಪತ್ತು ಸಲ ಸರಾಗವಾಗಿ ಓದಿದ್ದೆವು. ಕನ್ನಡದಲ್ಲಿ ಏನು ಅಂತ ಕೇಳಿದಾಗ, ಅದರ ಅರ್ಥವೇ ನಮಗೆ ಸರಿಯಾಗಿ ತಿಳಿದಿಲ್ಲ ಅಂತ ಗೊತ್ತಾಯ್ತು. ಕೊನೆಗೆ 'ನಂಬಿಕೆ ಮೇಲೆ ನಮ್ಮ ಮಾಹಿತಿ ಇಟ್ಟುಕೊಂಡವರು' ಅಂತ ಹಾವೇರಿಯವನೇ ಬಿಡಿಸಿ ಹೇಳಿದ. ಅಲ್ಲಿಂದ ಮುಂದೆ ಇಡೀ ಕರಡು ಸಲೀಸಾಯ್ತು. ನಂಬಿಕೆ ಮೇಲೆ ಇಟ್ಟುಕೊಂಡವರು ಏನೇನು ಮಾಡಬಾರದು ಅಂತ ಯಾವ ಅಜ್ಜಿಯನ್ನು ಕೇಳಿದರೂ ಹೇಳ್ತಾರೆ.

ಆಮೇಲೆ ಕೊನೆಯ ದಿನಾಂಕವನ್ನ ಮಾರ್ಚ್ 5ರ ತನಕ ಮುಂದೂಡಿದರು. ನಮ್ಮದು ಅದಕ್ಕೂ ಮೊದಲೇ ಹೋಗಿತ್ತು. ಅಂತಿಮ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ನಾಲ್ಕು ಜನ ವಿದ್ಯಾರ್ಥಿಗಳ ಪತ್ರದಿಂದ ದೇಶದ ನಿಯಮ ಬದಲಾಯ್ತು ಅಂತೆಲ್ಲ ಕಥೆ ಕಟ್ಟೋದಿಲ್ಲ. ಬದಲಾದದ್ದು ನಾವು. ಕಾನೂನು ಅಂದ್ರೆ ಮೇಲಿಂದ ಬೀಳೋದು ಅಂದುಕೊಂಡಿದ್ದೆವು. ಬೀಳೋಕೆ ಮುಂಚೆ ಕೆಲವು ದಿನ ಅದು ಕೈಗೆ ಸಿಗೋ ಎತ್ತರದಲ್ಲಿ ಇರತ್ತೆ ಅಂತ ಗೊತ್ತಾಯ್ತು.

ಆ ಕೆಲವು ದಿನಗಳನ್ನ ಜನ ಚೆನ್ನಾಗಿ ಬಳಸಿಕೊಂಡ ಉದಾಹರಣೆಗಳೂ ಇವೆ. 2015ರ ಮಾರ್ಚ್ 27ರಂದು ಟ್ರಾಯ್ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಇಂಟರ್ನೆಟ್ ಮೂಲಕ ನಡೆಯೋ ಕರೆ, ಮೆಸೇಜ್ ಸೇವೆಗಳಿಗೆ ನಿಯಂತ್ರಣ ಬೇಕಾ ಅನ್ನೋದು ವಿಷಯ. ಉತ್ತರ ಕಳಿಸೋಕೆ ಏಪ್ರಿಲ್ 24 ಕೊನೆಯ ದಿನ. ಪತ್ರ ನೂರು ಪುಟ ದಾಟಿತ್ತು, ಪ್ರಶ್ನೆಗಳು 20. ಸಾಮಾನ್ಯ ಜನ ಯಾಕೆ ಓದ್ತಾರೆ? ಆದರೆ ಸ್ವಯಂಸೇವಕರ ಒಂದು ಗುಂಪು ಅದನ್ನ ಬಿಡಿಸಿ, ಸರಳ ಉತ್ತರ ಬರೆದು, ಯಾರು ಬೇಕಾದರೂ ಇಮೇಲ್ ಕಳಿಸೋ ಹಾಗೆ ಮಾಡಿತು. ಆ ಗಡುವಿನೊಳಗೆ ಹೋದ ಇಮೇಲ್‌ಗಳು ಹತ್ತು ಲಕ್ಷ ದಾಟಿದವು. ಮುಂದೆ ಇನ್ನೊಂದು ಸುತ್ತಿನ ಸಮಾಲೋಚನೆ ಆಗಿ, 2016ರ ಫೆಬ್ರವರಿ 8ರಂದು, ಒಂದೊಂದು ವೆಬ್‌ಸೈಟಿಗೆ ಒಂದೊಂದು ದರ ಹಾಕೋದನ್ನ ಟ್ರಾಯ್ ನಿಷೇಧಿಸಿತು. ಆಗ ನಾವು ಪ್ರೈಮರಿ ಸ್ಕೂಲಿನಲ್ಲಿದ್ದೆವು. ಅದರ ಲಾಭವನ್ನ ಇವತ್ತು ಹಾಸ್ಟೆಲಿನಲ್ಲಿ ದಿನಾ ಅನುಭವಿಸ್ತಿದ್ದೇವೆ.

ಇನ್ನೊಂದು ಉದಾಹರಣೆ ಕನ್ನಡಕ್ಕೆ ಹತ್ತಿರದ್ದು. 2020ರಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಕರಡು ಬಂತು. ಅಣೆಕಟ್ಟು, ಗಣಿ, ಹೆದ್ದಾರಿಗಳಿಗೆ ಅನುಮತಿ ಕೊಡೋ ಕ್ರಮವನ್ನ ಬದಲಿಸೋ ಕರಡು ಅದು. ಜೂನ್ 30ಕ್ಕೆ ಅವಧಿ ಮುಗೀತಿತ್ತು. ದೆಹಲಿ ಹೈಕೋರ್ಟ್ ಅದನ್ನ ಆಗಸ್ಟ್ 11ಕ್ಕೆ ವಿಸ್ತರಿಸಿ, 22 ಭಾಷೆಗಳಿಗೂ ಅನುವಾದ ಮಾಡಿಸಿ ಅಂತ ಆದೇಶಿಸಿತು. ಕನ್ನಡದಂಥ ಭಾಷೆಗಳಲ್ಲಿ ಜನರಿಗೆ ತಲುಪಿಸದೆ ಅಂತಿಮಗೊಳಿಸಬೇಡಿ ಅಂತ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಆಗಸ್ಟ್‌ನಲ್ಲಿ ಮಧ್ಯಂತರ ತಡೆ ಕೊಟ್ಟಿತು. ನದಿ ಪಕ್ಕದ ಊರಿನವರಿಗೆ ಅರ್ಥವಾಗದ ಭಾಷೆಯಲ್ಲಿ ಅರವತ್ತು ದಿನ ಕೊಟ್ಟರೂ ಒಂದೇ, ಆರು ದಿನ ಕೊಟ್ಟರೂ ಒಂದೇ. ನಮ್ಮ ಸಿವಿಲ್ ಗೆಳತಿ ಇದನ್ನ ಓದಿದ ಮೇಲೆ, ಪರಿಸರದ ಪಾಠವನ್ನ ಬೇರೆ ಥರ ಓದ್ತಿದ್ದಾಳೆ.

ಕೇಂದ್ರದ 2014ರ ಪೂರ್ವ ಶಾಸನ ಸಮಾಲೋಚನಾ ನೀತಿಯ ಪ್ರಕಾರ, ಕರಡು ಕಾನೂನನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದೆ ಇಡಬೇಕು. ಅಭಿಪ್ರಾಯ ಕಳಿಸೋರಿಗೆ ಸಿಜಿಪಿಎ ಕೇಳಲ್ಲ, ಬ್ರಾಂಚ್ ಕೇಳಲ್ಲ, ಅನುಭವ ಕೇಳಲ್ಲ. ಪದವಿ ಓದ್ತಿರೋರಿಗೆ ಇದಕ್ಕಿಂತ ಸುಲಭದ ಬಾಗಿಲು ಇನ್ನೊಂದಿಲ್ಲ ಅಂತ ನಮ್ಮ ಅನಿಸಿಕೆ.

ಹಾಗಂತ ಬೇರೆ ಬಾಗಿಲುಗಳನ್ನ ಮರೆಯೋದು ಬೇಡ. ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ಪ್ರತಿ ತಿಂಗಳು 1ರಿಂದ 10ನೇ ತಾರೀಖಿನ ತನಕ ಅರ್ಜಿ ತಗೊಳ್ತಾರೆ. ಪದವಿಯವರಾದರೆ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಬರೆದಿರಬೇಕು, 12ನೇ ತರಗತಿಯಲ್ಲಿ ಶೇ. 85 ಇರಬೇಕು. ಕನಿಷ್ಠ ಆರು ವಾರ, ಸ್ಟೈಪೆಂಡ್ ಇಲ್ಲ. ಡಿಗ್ರಿ ಮುಗಿಸಿದವರಿಗೆ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್ ಇದೆ. ಒಬ್ಬ ಸಂಸದರ ಜೊತೆ ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದ ತನಕ ಕೆಲಸ, ಸ್ಟೈಪೆಂಡ್ ಉಂಟು. ಯಾವ ಡಿಗ್ರಿ ಆದರೂ ನಡೆಯತ್ತೆ, ವಯಸ್ಸು 25 ದಾಟಿರಬಾರದು. ಅಧಿವೇಶನಕ್ಕೆ ತಿಂಗಳುಗಳ ಮುಂಚೆಯೇ ಅರ್ಜಿ ಮುಗಿದಿರತ್ತೆ, ಹಾಗಾಗಿ ಕೊನೇ ವರ್ಷದಲ್ಲಿ ಇರುವಾಗಲೇ ಕಣ್ಣಿಟ್ಟಿರಬೇಕು. ಬೆಂಗಳೂರಿನ ನಾಗರಬಾವಿಯಲ್ಲಿರೋ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಾರ್ವಜನಿಕ ನೀತಿಯ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ, ಇಂಜಿನಿಯರ್‌ಗಳೂ ಸೇರಬಹುದು. ಯುಪಿಎಸ್‌ಸಿ ಅಂತೂ ಎಲ್ಲರಿಗೂ ಗೊತ್ತು: ಪರೀಕ್ಷೆಯ ವರ್ಷದ ಆಗಸ್ಟ್ 1ಕ್ಕೆ 21 ತುಂಬಿರಬೇಕು.

ಈ ಪಟ್ಟಿ ನಮ್ಮ ನಾಲ್ವರ ಮಧ್ಯೆ ಒಂದು ಕಷ್ಟವನ್ನೂ ತಂದಿತು. ಹಾವೇರಿಯವನಿಗೆ ಪಿಯುಸಿಯಲ್ಲಿ ಬಂದಿದ್ದು ಶೇ. 81. ಕರಡಿನ ಅರ್ಥ ಬಿಡಿಸಿದವನು ಅವನು, ಅರ್ಜಿ ಹಾಕೋ ಅರ್ಹತೆ ಇರೋದು ನಮ್ಮ ಮೂವರಿಗೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ನೀವ್ ಹೋಗ್ರಿ, ನಾ ಇಲ್ಲೇ ಕನ್ನಡ ಮಾಡ್ತೀನಿ" ಅಂದ. ಮೂವರಲ್ಲೂ ಆರು ವಾರ ದೆಹಲಿಯ ರೂಮಿನ ಬಾಡಿಗೆ, ಊಟದ ಖರ್ಚು ಹೊಂದಿಸೋದು ಇಬ್ಬರ ಮನೆಗೆ ಆಗದ ಮಾತು. "ಸಂಬಳ ಕೊಡದೆ ಇರೋದು ಯಾವ ಸೀಮೆ ಕೆಲಸನೋ? ಆ ರಜೆಯಲ್ಲಿ ಕೋಡಿಂಗ್ ಆದ್ರೂ ಕಲಿ" ಅಂದ್ರು ಒಬ್ಬರ ಅಪ್ಪ. ಅವರ ಮಾತಲ್ಲಿ ತಪ್ಪಿಲ್ಲ. ಶಿಕ್ಷಣ ಸಾಲದ ಕಂತಿಗೂ ಒಂದು ಕೊನೆಯ ದಿನಾಂಕ ಇದೆ, ಅದನ್ನ ಯಾವ ಹೈಕೋರ್ಟೂ ವಿಸ್ತರಿಸಲ್ಲ. ಹಾಗಾಗಿ ಈ ಸಲ ಸಿವಿಲ್ ಗೆಳತಿ ಒಬ್ಬಳು ಅರ್ಜಿ ಹಾಕ್ತಾಳೆ. ಉಳಿದ ಮೂವರು ಇಲ್ಲೇ ಇರ್ತೇವೆ.

ಇಲ್ಲಿ ಇದ್ದುಕೊಂಡು ಮಾಡೋ ಕೆಲಸಕ್ಕೂ ಕೊರತೆ ಇಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದಿದ್ದು. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದದೊಳಗೆ ಇರಬೇಕು. ಹತ್ತು ಮಾರ್ಕಿಗೆ ಎರಡು ಪುಟ ತುಂಬಿಸೋ ನಮಗೆ ಇದು ಒಳ್ಳೆ ಅಭ್ಯಾಸ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು. ಇಲ್ಲಿ ಡೆಡ್‌ಲೈನ್ ಇರೋದು ಸರ್ಕಾರಕ್ಕೆ! ಇಷ್ಟು ದಿನ ಗಡುವು ಅಂದ್ರೆ ಬೇರೆಯವರು ನಮಗೆ ಹಾಕೋದು ಅಂತಲೇ ಗೊತ್ತಿತ್ತು. ಬಸ್ ಸ್ಟಾಪಿನ ಲೈಟು, ಊರಿನ ಟ್ಯಾಂಕಿನ ನೀರಿನ ಪರೀಕ್ಷೆ, ಯಾವುದನ್ನ ಬೇಕಾದರೂ ಕೇಳಬಹುದು, ಕನ್ನಡದಲ್ಲೇ ಕೇಳಬಹುದು.

ಜೂನಿಯರ್‌ಗಳಿಗೆ ಒಂದು ಮಾತು. ಮತದಾರರ ಪಟ್ಟಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದ್ದರೆ ಮುಂಚಿತವಾಗಿಯೇ ಅರ್ಜಿ ಹಾಕಿ ಇಡಬಹುದು. ಮೊದಲು ಅದನ್ನ ಮುಗಿಸಿ.

ಮುಂದಿನ ಸೆಮಿಸ್ಟರಿನಿಂದ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಕರಡನ್ನ ಎರಡು ಪುಟ ಕನ್ನಡ ಮಾಡಬೇಕು ಅಂತಿದ್ದೇವೆ. ವಿದ್ಯುತ್ ವಾಹನ, ಡ್ರೋನ್, ಕಟ್ಟಡ, ಡೇಟಾ, ಯಾವುದೇ ಇರಲಿ, ನಮ್ಮ ಒಂದಲ್ಲ ಒಂದು ಬ್ರಾಂಚಿಗೆ ಸೇರಿದ್ದೇ ಆಗಿರತ್ತೆ. ತಾಂತ್ರಿಕ ವಿಷಯ ಅರ್ಥವಾಗೋರು ಬೇಕು, ಕನ್ನಡ ಚೆನ್ನಾಗಿ ಬರೋರು ಬೇಕು. ಎರಡೂ ಬರಬೇಕಂತಿಲ್ಲ, ಒಬ್ಬರ ಪಕ್ಕ ಒಬ್ಬರು ಕೂತರೆ ಸಾಕು. ಬರೋರು ಬನ್ನಿ. ಬರುವಾಗ ಮನೆಯಲ್ಲಿ ಓದಿ ಹೇಳೋಕೆ ಒಬ್ಬರ ಫೋನ್ ನಂಬರ್ ಇಟ್ಟುಕೊಂಡು ಬನ್ನಿ. ಅವರಿಗೆ ಅರ್ಥವಾಗೋ ತನಕ ಕರಡು ಮುಗಿದ ಹಾಗಲ್ಲ.