ರೌಟರ್‌ಗೆ ಪ್ರಶ್ನೆ ಕೇಳುತ್ತಿದ್ದ ದಿನಗಳು

ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳ ನೆಟ್‌ವರ್ಕ್ ವಿಭಾಗಕ್ಕೆ ಬೆಳಗಾದರೆ ಬರುತ್ತಿದ್ದ ದೂರು ಒಂದೇ: "ನೆಟ್ ಸ್ಲೋ." ಇಡೀ ಕಚೇರಿಗೆ ಇದ್ದದ್ದು ಒಂದು ಲೀಸ್ಡ್ ಲೈನ್. 64 ಕೆಬಿಪಿಎಸ್ ಇದ್ದವರು ಹೇಗೋ ತೂಗಿಸುತ್ತಿದ್ದರು, 2 ಎಂಬಿಪಿಎಸ್ ಇದ್ದವರು ಸಿರಿವಂತರು. ದೂರು ಬಂದೊಡನೆ ಸರ್ವರ್ ರೂಮಿಗೆ ಓಡಿ ಮೋಡೆಮ್ಮಿನ ದೀಪ ನೋಡುತ್ತಿದ್ದೆವು. ಟೆಲ್ನೆಟ್‌ನಲ್ಲಿ ರೌಟರ್ ಹೊಕ್ಕು, ಪರದೆ ತುಂಬ ಸುರಿಯುವ ಸಾಲುಗಳಲ್ಲಿ ಬೇಕಾದದ್ದನ್ನು ಹೆಕ್ಕಿ, ಕೊನೆಗೆ ಅಂದಾಜಿನ ಮೇಲೆ ಉತ್ತರ ಕೊಡುತ್ತಿದ್ದೆವು. ನಮ್ಮ ಹಿರಿಯರೊಬ್ಬರಿಗೆ ಈ ಅಂದಾಜು ಕಂಡರಾಗುತ್ತಿರಲಿಲ್ಲ. "ಲೈನ್ ತುಂಬಿದೆ ಅಂತೀಯಲ್ಲ, ಎಷ್ಟು ತುಂಬಿದೆ? ನಂಬರ್ ಕೊಡಪ್ಪ" ಎನ್ನುತ್ತಿದ್ದರು. ಅವರೇ ಮೂಲೆಯ ಹಳೆಯ ಪಿಸಿಗೆ ಲಿನಕ್ಸ್ ಹಾಕಿ, 'ಎಸ್‌ಎನ್‌ಎಂಪಿವಾಕ್' ಎಂಬ ಕಮಾಂಡ್ ತೋರಿಸಿಕೊಟ್ಟರು.

ಆ ಕಮಾಂಡಿನ ಹಿಂದಿದ್ದ ಎಸ್‌ಎನ್‌ಎಂಪಿ, ಅಂದರೆ ಜಾಲದ ಸಾಧನಗಳನ್ನು ವಿಚಾರಿಸುವ ಪದ್ಧತಿ, ಆಗಲೇ ಹೊಸದೇನಲ್ಲ. ಅಮೆರಿಕದ ಜೆಫ್ರಿ ಕೇಸ್ ಮತ್ತು ಸಂಗಡಿಗರು ಅದರ ನಿಯಮಗಳನ್ನು ಪ್ರಕಟಿಸಿದ್ದು 1988ರಲ್ಲಿ. ರೌಟರ್, ಸ್ವಿಚ್, ಪ್ರಿಂಟರ್ ಯಾವುದೇ ಇರಲಿ, ಯುಡಿಪಿ ಪೋರ್ಟ್ 161ರಲ್ಲಿ ಪ್ರಶ್ನೆ ಕೇಳಿದರೆ ತನ್ನ ಸ್ಥಿತಿ ಹೇಳುತ್ತದೆ. ಒಂದೊಂದು ಮಾಹಿತಿಗೂ ಚುಕ್ಕಿ ಹಾಕಿ ಬರೆದ ಉದ್ದನೆಯ ಸಂಖ್ಯೆಯೇ ವಿಳಾಸ. 1.3.6.1.2.1.1.5.0 ಕೇಳಿದರೆ ಸಾಧನದ ಹೆಸರು, ಕೊನೆಯಲ್ಲಿ 5ರ ಬದಲು 6 ಹಾಕಿದರೆ ಅದು ಇರುವ ಜಾಗ. ಜಿಲ್ಲೆ, ತಾಲ್ಲೂಕು, ಹೋಬಳಿ ದಾಟಿ ಸರ್ವೆ ನಂಬರಿಗೆ ಇಳಿದಂತೆ ಎಡದಿಂದ ಬಲಕ್ಕೆ ಇಳಿಯಬೇಕು. ಕೆಲವು ತಿಂಗಳಲ್ಲಿ ಈ ಅಂಕಿಗಳೆಲ್ಲ ನಮಗೆ ಬಾಯಿಪಾಠವಾದವು. ಜವಾಬ್ದಾರರ ಹೆಸರು ಬರೆಯುವ ಜಾಗದಲ್ಲಿ ಎಂದೋ ಕೆಲಸ ಬಿಟ್ಟು ಹೋದವರ ಹೆಸರಿರುತ್ತಿತ್ತು, ಅದು ಬೇರೆ ಮಾತು.

ಹಿರಿಯರು ಕೇಳಿದ ನಂಬರ್ ಮಾತ್ರ ಸುಲಭಕ್ಕೆ ಸಿಗುತ್ತಿರಲಿಲ್ಲ. ರೌಟರ್ ವೇಗ ಹೇಳುವುದಿಲ್ಲ. ಇದುವರೆಗೆ ಎಷ್ಟು ಬೈಟ್ ಬಂತು ಎಂಬ ಲೆಕ್ಕವನ್ನಷ್ಟೇ ಹೇಳುತ್ತದೆ. ಐದು ನಿಮಿಷದ ಅಂತರದಲ್ಲಿ ಎರಡು ಸಲ ಕೇಳಿ, ಕಳೆದು, ಎಂಟರಿಂದ ಗುಣಿಸಿ, 300ರಿಂದ ಭಾಗಿಸಬೇಕು. ಈ ಎಣಿಕೆ 32 ಬಿಟ್‌ನದು. 429 ಕೋಟಿ ಚಿಲ್ಲರೆ ಮುಟ್ಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. 64 ಕೆಬಿಪಿಎಸ್ ಲೈನಿನಲ್ಲಿ ಅದು ತುಂಬಲು ದಿನಗಳೇ ಬೇಕು. 100 ಎಂಬಿಪಿಎಸ್ ತುಂಬಿ ಹರಿದರೆ ಆರು ನಿಮಿಷವೂ ಬೇಡ, ಗಿಗಾಬಿಟ್‌ನಲ್ಲಿ ಸುಮಾರು 34 ಸೆಕೆಂಡ್ ಸಾಕು. ಗಿಗಾಬಿಟ್ ಸ್ವಿಚ್‌ಗಳು ಬಂದಾಗ ಐದು ನಿಮಿಷಕ್ಕೊಮ್ಮೆ ಕೇಳುವ ಲೆಕ್ಕವೆಲ್ಲ ಸುಳ್ಳಾಯಿತು. 64 ಬಿಟ್ ಎಣಿಕೆಗೆ, ಅಂದರೆ ಎಸ್‌ಎನ್‌ಎಂಪಿಯ ಎರಡನೇ ಆವೃತ್ತಿಗೆ ಹೋಗದೆ ದಾರಿಯಿರಲಿಲ್ಲ. ಕಳೆಯುವ, ಭಾಗಿಸುವ ಕೆಲಸವನ್ನು ಆ ಹೊತ್ತಿಗೆ ಟೋಬಿಯಾಸ್ ಎಟಿಕರ್ ಬರೆದ ಎಂಆರ್‌ಟಿಜಿ ಎಂಬ ತಂತ್ರಾಂಶ ವಹಿಸಿಕೊಂಡಿತ್ತು. ಅದರ ಹಸಿರು ಗುಡ್ಡ, ನೀಲಿ ಗೆರೆಯ ಚಿತ್ರ ತೋರಿಸಿಯೇ ಎಷ್ಟೋ ಕಚೇರಿಗಳು ಹೊಸ ಲೈನಿಗೆ ಮಂಜೂರಾತಿ ಪಡೆದವು.

ನಮ್ಮನ್ನು ಅತಿ ಹೆಚ್ಚು ಸತಾಯಿಸಿದ್ದು 'ಟೈಮ್‌ಔಟ್' ಎಂಬ ಉತ್ತರ. ಸಾಧನದ ಕರೆಂಟ್ ಹೋಗಿರಬಹುದು, ನಡುವೆ ಯಾರೋ ಪೋರ್ಟ್ ತಡೆದಿರಬಹುದು, ಇಲ್ಲವೇ ನಾವು ಕೊಟ್ಟ ಕಮ್ಯುನಿಟಿ ಹೆಸರು ತಪ್ಪಿರಬಹುದು. ಹೆಸರು ತಪ್ಪಿದರೆ 'ತಪ್ಪು' ಎಂದು ಸಾಧನ ಹೇಳುವುದಿಲ್ಲ, ಬಾಯಿಯನ್ನೇ ಬಿಡುವುದಿಲ್ಲ. ಮೂರು ಕಾಯಿಲೆಗೂ ಒಂದೇ ಲಕ್ಷಣ. ಮೊದಲು ಪಿಂಗ್, ಆಮೇಲೆ ಫೈರ್‌ವಾಲ್, ಕೊನೆಗೆ ಹೆಸರು ಎಂಬ ಕ್ರಮ ನಮಗೆ ರೂಢಿಯಾಯಿತು. ಆ ಹೆಸರೋ, ಕಳ್ಳರಿಗೂ ಗೊತ್ತಿದ್ದ 'ಪಬ್ಲಿಕ್'! ಪಾಸ್‌ವರ್ಡ್‌ನಂತೆ ಬಳಸುವ ಈ ಪದ ತಂತಿಯ ಮೇಲೆ ಮುಚ್ಚುಮರೆಯಿಲ್ಲದೆ ಹೋಗುತ್ತಿತ್ತು. 2002ರ ಫೆಬ್ರವರಿಯಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದವರ ಪರೀಕ್ಷೆಯಿಂದ ಹಲವಾರು ಕಂಪನಿಗಳ ಸಾಧನಗಳಲ್ಲಿ ದೋಷಗಳು ಬಯಲಾದಾಗ ಎಲ್ಲರೂ ಗಾಬರಿಯಿಂದ ಪೋರ್ಟ್ 161 ಮುಚ್ಚತೊಡಗಿದರು. ಅದೇ ವರ್ಷದ ಕೊನೆಗೆ ಗುಪ್ತಲಿಪಿಯ ಮೂರನೇ ಆವೃತ್ತಿ ಪೂರ್ಣ ಮಾನದಂಡವಾಯಿತು. ಅದರ ಕಮಾಂಡ್ ಬರೆಯಲು ಒಂದು ಸಾಲು ಸಾಲದು. ಬಹಳ ಜನ ಸೋಮಾರಿತನದಿಂದ ಎರಡರಲ್ಲೇ ಉಳಿದರು.

ಈಗಿನ ದೊಡ್ಡ ಜಾಲಗಳಲ್ಲಿ ಕೇಳುವ ಪ್ರಮೇಯವೇ ಕಡಿಮೆ. ಟೆಲಿಮೆಟ್ರಿ ಎಂಬ ಪದ್ಧತಿಯಲ್ಲಿ ರೌಟರ್‌ಗಳೇ ಸೆಕೆಂಡು ಸೆಕೆಂಡಿಗೂ ವರದಿ ಕಳಿಸುತ್ತವೆ, ಹುಡುಗರು ಡ್ಯಾಶ್‌ಬೋರ್ಡ್ ನೋಡುತ್ತಾರೆ. ಹಿಂದಿನದಕ್ಕಿಂತ ಇದು ನಿಸ್ಸಂಶಯವಾಗಿ ಮೇಲು. ಐದು ನಿಮಿಷದ ಸರಾಸರಿಯಲ್ಲಿ ಹೂತುಹೋಗುತ್ತಿದ್ದ ಕ್ಷಣಿಕ ದಟ್ಟಣೆಯೂ ಇಂದು ಕಾಣುತ್ತದೆ. ಆದರೆ ಗ್ರಾಫ್ ಖಾಲಿಯಾದಾಗ ದೋಷ ಸಾಧನದ್ದೋ, ದಾರಿಯದ್ದೋ, ಗ್ರಾಫಿನದ್ದೋ ಎಂದು ತಿಳಿಯಲು ಟರ್ಮಿನಲ್ ತೆರೆದು ನೇರವಾಗಿ ಕೇಳುವುದೇ ಇವತ್ತಿಗೂ ಹತ್ತಿರದ ದಾರಿ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಮೊದಲ ವಾರ ಡ್ಯಾಶ್‌ಬೋರ್ಡ್ ತೋರಿಸಲೇಬಾರದು ಎಂಬುದು ನನ್ನ ಪಕ್ಷ.

ಎಸ್‌ಎನ್‌ಎಂಪಿ ಇನ್ನೂ ಹೋಗಿಲ್ಲ. ಯುಪಿಎಸ್, ಪ್ರಿಂಟರ್, ಸಣ್ಣ ಸ್ವಿಚ್‌ಗಳು ಇಂದಿಗೂ ಅದರಲ್ಲೇ ಉತ್ತರಿಸುತ್ತವೆ. ನಿಮ್ಮ ಕಚೇರಿಯ ಪ್ರಿಂಟರ್ 'ಪಬ್ಲಿಕ್' ಎಂದ ಕೂಡಲೇ ಬಾಯಿ ಬಿಡುತ್ತದೆಯೇ, ನಾಳೆ ಒಮ್ಮೆ ಕೇಳಿ ನೋಡಿ. ಬಿಟ್ಟರೆ ಆ ಹೆಸರನ್ನು ಅವತ್ತೇ ಬದಲಿಸಿ.